ಅರ್ಧ ಮೆಟ್ಟಿಲು ಇಳಿದ ಮಾವ

ಮೊನ್ನೆ ಕಾರಿನ ವಿಮೆಯ ಕಾಗದ ಹುಡುಕುತ್ತ ಮುಂದಿನ ಡಬ್ಬಿಯೊಳಗೆ ಕೈ ಹಾಕಿದೆ. ಕಾಗದ ಸಿಗಲಿಲ್ಲ, ಬೆರಳಿಗೆ ಏನೋ ಅಂಟಂಟಾಗಿ ತಗುಲಿತು. ಎಳೆದು ನೋಡಿದರೆ ಹಳೆಯ ಸ್ಯಾನಿಟೈಸರ್ ಬಾಟಲಿ, ಮುಚ್ಚಳ ಸಡಿಲಾಗಿ ಸೋರಿತ್ತು. ಮೂಗಿಗೆ ಹಿಡಿದೆ. ಆ ವಾಸನೆ ನಿಮಗೂ ನೆನಪಿರಬೇಕು. ದವಾಖಾನೆಯದೂ ಅಲ್ಲ, ಅತ್ತರಿನದೂ ಅಲ್ಲ, ಎರಡರ ನಡುವೆ ಎಲ್ಲೋ ದಾರಿ ತಪ್ಪಿದಂಥದ್ದು. ಆಗ ಅದನ್ನು ಕೈತುಂಬ ಸುರಿದುಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿ, ಅದೇ ಕೈಯಿಂದ ಮಿರ್ಚಿ ತಿಂದವರು ನಾವು. ಬದುಕಿ ಉಳಿದದ್ದು ಸ್ಯಾನಿಟೈಸರಿನಿಂದಲೋ ಮಿರ್ಚಿಯಿಂದಲೋ ನನಗಿನ್ನೂ ಖಚಿತವಿಲ್ಲ. ಆದರೆ ಆ ವಾಸನೆ ಬಂದರೆ ನನಗೆ ರೋಗ ನೆನಪಾಗುವುದಿಲ್ಲ. ಗಜೇಂದ್ರಗಡದ ಮಲ್ಲಪ್ಪ ಮಾವ ನೆನಪಾಗುತ್ತಾರೆ.

ಮಲ್ಲಪ್ಪ ಮಾವ ಎಂದರೆ ನನ್ನ ಸೋದರತ್ತೆ ಗಿರಿಜತ್ತೆಯ ಗಂಡ. ಕೈಮಗ್ಗದ ಸೀರೆ ಮಾರುವವರು. ಬಸ್‌ಸ್ಟ್ಯಾಂಡಿನ ಹತ್ತಿರದ ಅವರ ಅಂಗಡಿಗೆ ಜನ ಸೀರೆ ಕೊಳ್ಳಲು ಬರುತ್ತಿದ್ದುದಕ್ಕಿಂತ ಮಾತಾಡಲು ಬರುತ್ತಿದ್ದುದೇ ಹೆಚ್ಚು. ಬಂದವರ ಹೆಗಲ ಮೇಲೆ ಕೈ ಹಾಕದೆ ಅವರಿಗೆ ಮಾತೇ ಬರುತ್ತಿರಲಿಲ್ಲ. ಅಂಥ ಮನುಷ್ಯ, ರೋಗ ಬಂತೆಂದು ರೇಡಿಯೋದಲ್ಲಿ ಕೇಳಿದ ಕೆಲವೇ ದಿನಗಳಲ್ಲಿ ಅಂಗಡಿಯನ್ನು ತಮ್ಮನಿಗೊಪ್ಪಿಸಿ, ಹಾಸಿಗೆ ಸುತ್ತಿಕೊಂಡು, ಮನೆಯ ಮೇಲಿನ ಕೋಣೆ ಹತ್ತಿ ಬಾಗಿಲು ಹಾಕಿಕೊಂಡುಬಿಟ್ಟರು. ಹತ್ತಿದವರು ಇಳಿಯಲೇ ಇಲ್ಲ.

ಮೊದಮೊದಲು ಎಲ್ಲರೂ ಹೊಗಳಿದರು. ಮನುಷ್ಯನೆಂದರೆ ಹೀಗಿರಬೇಕು ಅಂದರು. ಆಗ ನಮ್ಮ ನರಗುಂದದಲ್ಲಿ ನಿಯಮ ಪಾಲನೆ ಹೇಗಿತ್ತೆಂದರೆ, ರೇಷನ್ ಅಂಗಡಿಯ ಮುಂದೆ ಸುಣ್ಣದಿಂದ ಬರೆದ ವರ್ತುಲಗಳಲ್ಲಿ ಜನ ತಮ್ಮ ತಮ್ಮ ಚಪ್ಪಲಿ ಬಿಟ್ಟು, ತಾವು ಮಾತ್ರ ಬೇವಿನ ಗಿಡದ ಕೆಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ರೋಗದ ಬಗ್ಗೆ ಚರ್ಚಿಸುತ್ತಿದ್ದರು. ಚಪ್ಪಲಿಗಳು ಅಂತರ ಕಾಯ್ದುಕೊಂಡು ಆರೋಗ್ಯವಾಗಿದ್ದವು. ನಾನೂ ಆ ಗಿಡದ ಕೆಳಗಿದ್ದವನೇ. ಹಾಗಾಗಿ ಮಾವನ ಬಗ್ಗೆ ನನಗೆ ತುಂಬ ಗೌರವ.

ಆದರೆ ಲಾಕ್‌ಡೌನ್ ತೆಗೆದರು, ಬಸ್ಸು ಬಿಟ್ಟರು, ಸಂತೆ ಕೂಡಿತು, ಮಾವ ಇಳಿಯಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಅತ್ತೆ ರೊಟ್ಟಿ, ಪಲ್ಯ ಇಟ್ಟರೆ ಮೇಲೇರುತ್ತಿತ್ತು. ಕೋಲಿನಿಂದ ನೆಲ ಕುಟ್ಟಿದರೆ ಚಹಾ ಬೇಕೆಂದು ಅರ್ಥ. ಎರಡನೆಯ ಅಲೆ ಬಂದಾಗ ಮಾವ ಕಿಟಕಿಯಿಂದ ಇಣುಕಿ, "ಹೇಳಿದ್ದೆನಿಲ್ಲೊ?" ಅನ್ನುವಂತೆ ಓಣಿಯ ಕಡೆ ಒಮ್ಮೆ ನೋಡಿದರಂತೆ. ಆ ಅಲೆಯೂ ಇಳಿಯಿತು. ಮಾವ ಮಾತ್ರ ಅಲ್ಲೇ.

ಒಮ್ಮೆ ನಾನೇ ಹೋಗಿ ಅಂಗಳದಲ್ಲಿ ನಿಂತು ಕೂಗಿದೆ. "ಮಾವಾರ, ಎಲ್ಲಾ ತಗದಾರ, ಇನ್ನರ ಇಳೀರಿ."

ಕಿಟಕಿಯಲ್ಲಿ ಎರಡು ಮಾಸ್ಕು ಹಾಕಿದ ಮುಖ ಕಾಣಿಸಿತು. "ಏನ್ ತಗದಾರ? ಮೊದಲ ಸೆರೆ ಅಂಗಡಿ, ಬಾರು ತಗದ್ರು. ಅಂದ್ರ ರೋಗ ಹೋತೇನು? ಸರಕಾರದವ್ರು ಕಟ್ಟಕಡೀಕ ಏನ್ ತಗೀತಾರ ಹೇಳು."

ಉತ್ತರವನ್ನೂ ಅವರೇ ಕೊಟ್ಟರು.

"ಆಟದ ಪಾರ್ಕು! ಹುಬ್ಬಳ್ಳಿ ದಾರ್‍ಯಾಗ ಐತೆಲ್ಲ ವಾಟರ್ ಪಾರ್ಕ, ಅಂಥಾವು. ಅದು ಯಾರಿಗೂ ಬೇಕಾಗಿಲ್ಲ. ಬ್ಯಾಡಾದದ್ದನ್ನೂ ತಗದ್ರು ಅಂದ್ರ ಆಗ ಖರೇನ ರೋಗ ಹೋತು ಅಂತ ಲೆಕ್ಕ. ಅಲ್ಲೀತನಕ ನಾ ಇಳ್ಯಾಂಗಿಲ್ಲ."

ಈ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಯೋಚಿಸುತ್ತಲೇ ನಾನು ನರಗುಂದದವರೆಗೆ ಕಾರು ನಡೆಸಿಕೊಂಡು ಬಂದೆ. ಎರಡು ಸಲ ಗೇರು ತಪ್ಪು ಹಾಕಿದ್ದಷ್ಟೇ ಬಂತು.

ಕೊನೆಗೊಂದು ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಮನರಂಜನಾ ಪಾರ್ಕುಗಳನ್ನು ತೆರೆಯಬಹುದು, ಅರ್ಧದಷ್ಟು ಜನರಿಗೆ ಮಾತ್ರ ಪ್ರವೇಶ, ನೀರಿಗೆ ಇಳಿಯುವಂತಿಲ್ಲ. ಆ ಮಧ್ಯಾಹ್ನವೇ ಅತ್ತೆಯ ಫೋನು.

"ತಮ್ಮಾ, ನಿಮ್ಮ ಮಾವಾರು ಇಳದಾರ."

"ಚಲೋ ಆತಲ್ಲ ಅತ್ತಿ!"

"ಏನ್ ಚಲೋ? ಅರ್ಧಾ ಇಳದಾರ. ಪಾರ್ಕ್ ಅರ್ಧಾ ತಗದಾರಂತ, ಅದಕ್ಕ ಇವ್ರೂ ಅರ್ಧಾ. ನಟ್ಟ ನಡುವಿನ ಮೆಟ್ಟಿಲ ಮ್ಯಾಲ ಕುಂತಾರ. ಉಳದ ಅರ್ಧಾ ನೀನ ಬಂದು ಇಳಸ್ತಿ ಏನು?"

ಹೋದೆ. ಮಾವ ಖರೇನೇ ನಡುವಿನ ಮೆಟ್ಟಿಲ ಮೇಲೆ, ಬೆನ್ನಿಗೆ ತಲೆದಿಂಬು ಕೊಟ್ಟುಕೊಂಡು, ಕೊಟ್ಟ ಮಾತಿಗೆ ತಪ್ಪದ ಮನುಷ್ಯನ ಗಾಂಭೀರ್ಯದಿಂದ ಕೂತಿದ್ದರು. ಊಟ ಅಲ್ಲೇ, ಪತ್ರಿಕೆ ಅಲ್ಲೇ. ಅತ್ತೆ ಮೇಲೆ ಬಟ್ಟೆ ಒಣಗಿಸಲು ಹೋಗಬೇಕಾದರೆ ಅವರು ಎದ್ದು, ಗೋಡೆಗೆ ಮುಖ ಮಾಡಿ, ಉಸಿರು ಹಿಡಿದು ನಿಲ್ಲುತ್ತಿದ್ದರು.

"ಪೇಪರದಾಗ ಬಂದದ್ದೆಲ್ಲ ಖರೇ ಇರ್ತೈತೇನ್ರಿ ಮಾವಾರ?" ಎಂದೆ. "ಪಾರ್ಕು ತಗದಾರೋ ಇಲ್ಲೋ, ಹೋಗಿ ಕಣ್ಣಾರೆ ನೋಡೇ ಬರೂಣು."

ಇದು ಅವರಿಗೆ ಹಿಡಿಸಿತು. ವಿಹಾರಕ್ಕೆ ಕರೆದಿದ್ದರೆ ಬರುತ್ತಿರಲಿಲ್ಲ, ತಪಾಸಣೆಗೆ ಬಂದರು. ಎರಡು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಕವಚ, ಮೈಮೇಲೆ ರೇನ್‌ಕೋಟು, ಕೈಯಲ್ಲಿ ಸ್ಯಾನಿಟೈಸರ್. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು ನಾಲ್ಕೂ ಕಿಟಕಿ ತೆಗೆಸಿದರು. ಮುಂದೆ ನನ್ನ ಪಕ್ಕ ಅತ್ತೆ. ಅವಳು ಡಿಕ್ಕಿಯಲ್ಲಿ ಒಂದು ದೊಡ್ಡ ಬ್ಯಾಗು ಇಡಿಸಿದ್ದಳು. ರೋಣ ದಾಟಿದ ಮೇಲೆ, ಗಾಳಿಯ ಸದ್ದಿನಲ್ಲಿ ಹಿಂದೆ ಕೇಳಿಸದು ಎಂಬ ಧೈರ್ಯದಿಂದ ನನ್ನ ಕಡೆ ಬಾಗಿದಳು.

"ಬರೂಮುಂದ ನನ್ನ ನರಗುಂದದಾಗ ಇಳಸಿಬಿಡು. ನಮ್ಮಣ್ಣನ ಮನ್ಯಾಗ, ನಿಮ್ಮ ಜೋಡಿ ಇರ್ತೀನಿ. ನಿಮ್ಮ ಮಾವಾರನ್ನ ಗಜೇಂದ್ರಗಡಕ್ಕ ಮುಟ್ಟಸು."

"ಎಷ್ಟ ದಿವಸ ಅತ್ತಿ?"

"ದಿವಸ ಏನ್ ಬಂತು. ಬುಟ್ಟಿ ಜೋಡಿ ಸಂಸಾರ ಮಾಡಾಕ ನನ್ನ ಕೈಲೆ ಆಗೂದಿಲ್ಲೋ ತಮ್ಮಾ. ಮನುಷ್ಯಾರ ಮಾತು ಕೇಳಬೇಕಂದ್ರ ಟೀವಿ ಹಚ್ಚಬೇಕಾಗೇದ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ನಗಬಹುದಿತ್ತು. ಸಿಟ್ಟಿರಲಿಲ್ಲ. ಅಲ್ಲಿಂದ ಮುಂದೆ ನಾನು ರಸ್ತೆಯನ್ನಷ್ಟೇ ನೋಡಿದೆ.

ಪಾರ್ಕು ತೆರೆದಿತ್ತು. ಆದರೆ ಒಳಗೆ ನರಪಿಳ್ಳೆಯಿಲ್ಲ. ತೆರೆದ ಮೇಲೆ ಬಂದ ಮೊದಲ ಮಂದಿ ನಾವೇ ಎಂದು ಗೇಟಿನವನು ಹೇಳಿ ಸೀಟಿ ಊದಿದ. ಎಲ್ಲೆಲ್ಲಿಂದಲೋ ಸಿಬ್ಬಂದಿ ಓಡಿ ಬಂದು, ಅಂತರ ಬಿಟ್ಟು ನಿಂತು, ಚಪ್ಪಾಳೆ ತಟ್ಟಿದರು. ಮದುವೆಯಲ್ಲೂ ನನಗೆ ಅಷ್ಟು ಸ್ವಾಗತ ಸಿಕ್ಕಿರಲಿಲ್ಲ. ಗೇಟಿನವನು ಹಣೆಗೆ ಜ್ವರ ನೋಡುವ ಪಿಸ್ತೂಲು ಹಿಡಿದ. ಮಾವನ ಹಣೆಗೆ ಹಿಡಿದಾಗ ಬದುಕಿದ ಮನುಷ್ಯನಿಗೆ ಇರಲಾಗದಂಥ ಅಂಕಿ ಬಂತು.

"ಇದರ ಲೆಕ್ಕದಾಗ ನಾ ಸತ್ತೀನೇನು?" ಮಾವ ಕೇಳಿದರು.

"ಇಲ್ರಿ ಕಾಕಾರ. ಮುಂಜಾನಿಯಿಂದ ನಮ್ಮ ಕೆಲಸದ ಮಂದಿಗೂ ಹಂಗ ತೋರಸಾಕತ್ತೈತಿ. ಬರ್ರಿ ಒಳಗ."

ಒಳಗೆ, ಸಾವಿರಾರು ಜನರನ್ನು ತಡೆಯಲು ಹಾವಿನ ಹಾಗೆ ಸುತ್ತಿಸಿ ಸುತ್ತಿಸಿ ಹಾಕಿದ ಪೈಪಿನ ಬೇಲಿ. ನಾವು ಮೂವರು. ನಾನು ಬಗ್ಗಿ ನುಸುಳಲು ಹೋದೆ, ಬಿಡಲಿಲ್ಲ. ಸಾಲಿನಲ್ಲೇ ಬರಬೇಕು, ನೆಲದ ಮೇಲಿನ ಹಳದಿ ವರ್ತುಲಗಳಲ್ಲಿ ನಿಂತು ನಿಂತು ಬರಬೇಕು. ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ, "ದಯವಿಟ್ಟು ಗುಂಪುಗೂಡಬೇಡಿ, ನಿಮ್ಮ ಸರದಿ ಬರುವವರೆಗೆ ಕಾಯಿರಿ" ಎಂದು ಬೇಡಿಕೊಳ್ಳುತ್ತಿತ್ತು. ಮಾವನ ಕಣ್ಣುಗಳು ಕವಚದೊಳಗೆ ಹೊಳೆಯುತ್ತಿದ್ದವು. ಪ್ರತಿಯೊಂದು ವರ್ತುಲದಲ್ಲೂ ಪ್ರದಕ್ಷಿಣೆ ಹಾಕುವವರ ಭಕ್ತಿಯಿಂದ ನಿಂತರು. "ನೋಡು, ಹಿಂಗಿರಬೇಕು! ನಿಮ್ಮ ನರಗುಂದದವ್ರು ಇಲ್ಲಿ ಬಂದು ಕಲೀಬೇಕು" ಎಂದರು. ಚಪ್ಪಲಿಗಳ ವಿಷಯ ಅವರಿಗೂ ಮುಟ್ಟಿತ್ತು ಅಂತ ಕಾಣುತ್ತದೆ.

ನೀರಿಲ್ಲದ ವಾಟರ್ ಪಾರ್ಕನ್ನು ನೀವು ನೋಡಿದ್ದೀರೋ ಇಲ್ಲವೋ. ಒಣಗಿದ ನೀಲಿ ಕೊಳದ ತಳದಲ್ಲಿ ಒಂದು ನಾಯಿ ಮಲಗಿತ್ತು. ಅಲೆ ಬರುವ ಸಮುದ್ರ ಎಂದು ಬರೆದಲ್ಲಿ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ದಂಡೆಯ ಮೇಲೆ, ಯಾರಾದರೂ ಮುಳುಗಿದರೆ ಎತ್ತುವವನು ಸೀಟಿ ಬಾಯಲ್ಲಿಟ್ಟುಕೊಂಡು ಎತ್ತರದ ಕುರ್ಚಿಯಲ್ಲಿ ಎಚ್ಚರದಿಂದ ಕೂತಿದ್ದ. ಸಿಮೆಂಟಿನ ಆನೆಗೂ ಮಾಸ್ಕು ಹಾಕಿದ್ದರು. ಸೊಂಡಿಲಿಗೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ಹಾಗೇ ಬಿಟ್ಟಿದ್ದರು.

ನಡೆಯುತ್ತಿದ್ದುದು ಒಂದೇ ಆಟ, ತೂಗುವ ಹಡಗು. ಆಚೆ ಈಚೆ ತೂಗುತ್ತ ತೂಗುತ್ತ ಆಕಾಶಕ್ಕೆ ಹೋಗುತ್ತದಲ್ಲ, ಅದು. ಅದರ ಮುಂದೆ ಹೊಸ ಫಲಕ: "ಚೀರುವುದನ್ನು ನಿಷೇಧಿಸಲಾಗಿದೆ. ಚೀರಿದರೆ ಉಗುಳು ಹಾರುತ್ತದೆ." ಹಡಗು ನಡೆಸುವವನು ನಮ್ಮನ್ನು ನೋಡಿ, ಬಹಳ ದಿನಗಳಿಂದ ಹಡಗು ತೂಗಿಸದ ಕೈಗಳನ್ನು ಉಜ್ಜಿಕೊಂಡ. ನೋಡಿ ಹೋಗಲು ಬಂದವರು ಎಂದು ನಾನೆಂದರೆ ಅವನ ಮುಖ ಬಾಡಿತು. "ಹತ್ತರ್ರಿ ಸರ್. ನಮಗೂ ಯಂತ್ರಕ್ಕೂ ರೂಢಿ ತಪ್ಪೈತಿ" ಎಂದ. ಈ ಕಾರಣ ಕೇಳಿದರೆ ಯಾರಾದರೂ ಹಿಂದೆ ಸರಿಯುತ್ತಾರೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿಬಿಟ್ಟಳು. ತಪಾಸಣೆ ಅರ್ಧಕ್ಕೆ ಬಿಡುವುದು ಸರಿಯಲ್ಲವೆಂದು ಮಾವನೂ ಹತ್ತಿದರು. ನಾನು ಹಿಂದಿನ ಸಾಲಿನಲ್ಲಿ, ಕಂಬಿ ಎಲ್ಲಕ್ಕಿಂತ ದಪ್ಪಗಿದ್ದ ಜಾಗ ನೋಡಿಕೊಂಡು ಕೂತೆ.

"ಒಂದ ಮನಿಯವ್ರು ಇದ್ರ ಕೂಡೇ ಕುಂದರ್ರಿ" ಹಡಗಿನವನು ಹೇಳಿದ. "ಬ್ಯಾರೆ ಬ್ಯಾರೆ ಇದ್ರ ನಡುವ ಒಂದ ಸೀಟ ಬಿಡ್ರಿ."

"ಬ್ಯಾರೆ ಬ್ಯಾರೆ" ಎಂದರು ಮಾವ, ಥಟ್ಟನೆ.

"ಹೌದ್ರಿ. ಇವ್ರು ಮ್ಯಾಲಿನ ಮನಿಯವ್ರು, ನಾ ಕೆಳಗಿನ ಮನಿಯಾಕಿ" ಎಂದು ಅತ್ತೆ ಹಡಗಿನವನಿಗೆ ಹೇಳಿ ದೂರ ಸರಿದು ಕೂತಳು. ನಡುವೆ ಒಂದು ಸೀಟು ಖಾಲಿ ಉಳಿಯಿತು.

ಹಡಗು ತೂಗಿತು. ಮೊದಲು ಜೋಕಾಲಿಯ ಹಾಗೆ, ಆಮೇಲೆ ಭೂಮಿ ಕೈಬಿಟ್ಟ ಹಾಗೆ. ಮೇಲೇರಿದಾಗ ಹೆದ್ದಾರಿ ಕಂಡಿತು, ಅದರಾಚೆಯ ಕಪ್ಪು ಹೊಲ ಕಂಡಿತು. ಕಣ್ಣು ಮುಚ್ಚಿದ ಮೇಲೆ ಏನೂ ಕಾಣಲಿಲ್ಲ. ಗಾಳಿಗೆ ಮಾವನ ಮುಖಕವಚ ತಿರುಗಿ ತಲೆಯ ಹಿಂದಕ್ಕೆ ಬಂತು. ಮಾಸ್ಕು ಒಂದರ ಹಿಂದೆ ಒಂದು ಹಾರಿಹೋದವು. ರೇನ್‌ಕೋಟು ಗಾಳಿ ತುಂಬಿ ಉಬ್ಬಿತು. ಆಮೇಲೆ ಆ ದನಿ ಕೇಳಿತು.

"ಗಿರಿಜಾ!"

ನಮ್ಮ ಕಡೆ ಮಾವನ ವಯಸ್ಸಿನವರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. "ಏ, ಕೇಳಿತೇನ" ಎಂಬುದರಲ್ಲೇ ಸಂಸಾರ ಮುಗಿಯುತ್ತದೆ. ಅತ್ತೆಗೆ ಒಂದು ಹೆಸರಿದೆ ಎಂಬುದು ಮಾವನಿಗೆ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಕಣ್ಣು ತೆರೆದೆ.

"ಗಿರಿಜಾ! ಏ ಗಿರಿಜಾ!"

ಮಾವನ ಕೈ ಖಾಲಿ ಸೀಟಿನ ಮೇಲೆ ತಡಕಾಡುತ್ತಿತ್ತು. ಧ್ವನಿವರ್ಧಕ ಎಚ್ಚೆತ್ತಿತು: "ಹಡಗಿನಲ್ಲಿರುವವರು ದಯವಿಟ್ಟು ಚೀರಬಾರದು."

ಮಾವ ಆಕಾಶದಲ್ಲಿ ತಲೆಕೆಳಗಾಗುವಷ್ಟು ಎತ್ತರದಿಂದ ಅದಕ್ಕೆ ಉತ್ತರ ಕೊಟ್ಟರು. "ನಾ ಚೀರಾಕತ್ತಿಲ್ಲಾ! ಕರಿಯಾಕತ್ತೀನೀ!"

ಅತ್ತೆ ಆ ಕೈಯನ್ನು ನೋಡುತ್ತಿದ್ದಳು. ಹಡಗು ಒಮ್ಮೆ ಹಿಂದಕ್ಕೆ ಹೋಗಿ ಬರುವವರೆಗೂ ಸುಮ್ಮನೆ ನೋಡಿದಳು. ಆಮೇಲೆ ಹಿಡಿದುಕೊಂಡಳು.

ಇಳಿದ ಮೇಲೆ ಮಾವನನ್ನು ಕ್ಯಾಂಟೀನಿನ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದೆ. ಬೆಂಚಿಗೂ ನಡುವೆ ಕೂರಬಾರದೆಂದು ಪಟ್ಟಿ ಅಂಟಿಸಿದ್ದರು. ಅತ್ತೆ ಅದರ ಮೇಲೇ ಕೂತಳು.

"ನನ್ನ ಜೀವಕ್ಕ ಅಂಜಿ ಮ್ಯಾಲ ಹತ್ತಿಲ್ಲ ನಾ" ಎಂದರು ಮಾವ, ಚಹಾದ ಕಪ್ಪಿಗೆ. "ಅಂಗಡ್ಯಾಗ ನನ್ನ ಬಾಜೂಕ ಕುಂತು ಚಾ ಕುಡದಾಂವ ವಾರ ತುಂಬೂದ್ರಾಗ ಹೋದ. ನನ್ನ ಕೈ ಅವನ ಹೆಗಲ ಮ್ಯಾಲಿತ್ತು. ಇಕಿಗೆ ಸಕ್ಕರಿ ಬ್ಯಾನಿ. ಟೀವ್ಯಾಗ ಅಂಥವ್ರ ಮೊದಲ ಹೋಗ್ತಾರ ಅಂದ್ರು. ನನ್ನಿಂದನ ಇಕಿಗೆ ತಗಲಿದ್ರ..."

ಅತ್ತೆ ಅವರ ಕಡೆ ತಿರುಗಿದಳು. "ಮತ್ತ ಅದನ್ನ ಒಂದ ಮಾತು ಹೇಳಬಾರದಿತ್ತೇನ್ರಿ?"

"ಹೇಳಾಕ ಕೆಳಗ ಬರಬೇಕಾಗ್ತಿತ್ತು."

"ಮ್ಯಾಲಿಂದ ಒದರಬೇಕಿಲ್ಲ?"

"ಓಣಿ ತುಂಬ ಕೇಳತಿತ್ತು" ಎಂದರು ಮಾವ, ನಾಚಿಕೊಂಡು.

ಅತ್ತೆಗೆ ನಗು ಬಂತೋ ಅಳು ಬಂತೋ ಮಾಸ್ಕಿನಿಂದಾಗಿ ತಿಳಿಯಲಿಲ್ಲ. ಮಾವನ ಚಹಾ ಮುಗಿದೊಡನೆ ಎದ್ದು, "ಇನ್ನೊಮ್ಮೆ ಹತ್ತೂಣು ನಡೀರಿ" ಎಂದಳು. ಹಡಗಿನವನ ಸಂತೋಷಕ್ಕೆ ಪಾರವಿರಲಿಲ್ಲ. ಈ ಸಲ ನಾನು ಕೆಳಗೆ ನಿಂತು ಚಪ್ಪಲಿ ಕಾದೆ.

ಸಂಜೆ ನರಗುಂದ ಮುಟ್ಟಿದಾಗ ಗುಡ್ಡದ ನೆತ್ತಿಗೆ ಬಿಸಿಲು ಇನ್ನೂ ಇತ್ತು. ನಮ್ಮ ಮನೆಯ ತಿರುವಿನಲ್ಲಿ ಕಾರು ನಿಧಾನ ಮಾಡಿದೆ. ಇಷ್ಟೆಲ್ಲ ಆದ ಮೇಲೆ ಅತ್ತೆ ಮನಸ್ಸು ಬದಲಿಸಿರುತ್ತಾಳೆ ಎಂದುಕೊಂಡು ಮುಂದೆ ಹೋಗುವುದರಲ್ಲಿದ್ದೆ.

"ನಿಂದರಸು" ಎಂದಳು. ಇಳಿದು ಡಿಕ್ಕಿ ತೆಗೆಸಿ ಬ್ಯಾಗು ಇಳಿಸಿಕೊಂಡಳು. "ನಾ ಅಂದದ್ದು ಅಂದೆ. ಇಷ್ಟ ದಿವಸ ಒಬ್ಬಾಕೀನ ಇದ್ದದ್ದು ಒಂದ ಕಪ್ಪ ಚಾದಿಂದ ಮರತು ಹೋಗೂದಿಲ್ಲ."

ನಾನು ಕನ್ನಡಿಯಲ್ಲಿ ಮಾವನನ್ನು ನೋಡಿದೆ. ಅವರು ರೇನ್‌ಕೋಟು ಬಿಚ್ಚಿ ಮಡಚಿ ಸೀಟಿನ ಮೇಲಿಟ್ಟರು, ಸ್ಯಾನಿಟೈಸರ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಬಾಗಿಲು ತೆಗೆದು ಇಳಿದು, ಅತ್ತೆಯ ಕೈಯಿಂದ ಬ್ಯಾಗು ಇಸಿದುಕೊಂಡು, ಅವಳ ಹಿಂದೆ ನಮ್ಮ ಮನೆಯ ಕಡೆ ನಡೆದರು. ದಾರಿ ಬದಿಯ ಕಟ್ಟೆಯಿಂದ ಯಾರೋ ನಮಸ್ಕಾರ ಅಂದರು. ಮಾವ ನಿಂತು ಅವನ ಹೆಗಲ ಮೇಲೆ ಕೈ ಹಾಕಿದರು.

ಶ್ರಾವಣ ಮುಗಿಯುವವರೆಗೆ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಹೆಂಡತಿ ತವರಿಗೆ ಬಂದಳೆಂದು ಗಂಡನೂ ತವರಿಗೆ ಬಂದದ್ದು ಓಣಿಗೆಲ್ಲ ತಮಾಷೆ. ಮಾವ ಬೆಳಗ್ಗೆ ಅತ್ತೆಯ ಪಕ್ಕ ಕೂತು ಹೆಸರುಬೇಳೆ ಆರಿಸುತ್ತ, ಮೇಲಿನ ಕೋಣೆಯಲ್ಲಿದ್ದಾಗ ಉಳಿಸಿಟ್ಟುಕೊಂಡ ಮಾತನ್ನೆಲ್ಲ ಆಡಿ ತೀರಿಸುತ್ತಿದ್ದರು. ಕಡೆಗೆ ಅತ್ತೆಯೇ ತಲೆ ಹಿಡಿದುಕೊಂಡು, "ನಡೀರಿ ನಮ್ಮೂರಿಗೆ, ಅಲ್ಲರ ಅಂಗಡಿಗೆ ಹೋಗ್ತೀರಿ" ಎಂದು ಹೊರಡಿಸಿದಳು. ಈಗಲೂ ಗಜೇಂದ್ರಗಡದಲ್ಲಿ ಇಬ್ಬರೂ ಚೆನ್ನಾಗಿದ್ದಾರೆ, ಜಗಳವೂ ಚೆನ್ನಾಗಿದೆ.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಕಾರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ವಿಮೆಯ ಕಾಗದ ಸಿಗಲೇ ಇಲ್ಲ. ಒಳಗಿನಿಂದ ಊಟಕ್ಕೆ ಕರೆ ಬಂತು. ಕೈ ತೊಳೆದು ಹೋದರೆ ಎಂದಿನಂತೆ ನನ್ನ ತಾಟು ಟೀವಿಯ ಮುಂದಿತ್ತು. ಹೆಂಡತಿ ಅಡಿಗೆಮನೆಯಲ್ಲಿ ತನ್ನ ತಾಟು ಹಿಡಿದು ಕೂತಿದ್ದಳು. ನಮ್ಮಿಬ್ಬರಿಗೂ ಒಮ್ಮೆ ಆ ಜ್ವರ ಬಂದು, ಬೇರೆ ಬೇರೆ ಉಣ್ಣಲು ಶುರು ಮಾಡಿದ್ದೆವು. ಜ್ವರ ಹೋಯಿತು, ಉಣ್ಣುವುದು ಹಾಗೇ ಉಳಿಯಿತು. ಸರಕಾರ ಹೇರಿದ್ದನ್ನು ಸರಕಾರ ಒಂದೊಂದಾಗಿ ತೆಗೆಯಿತು. ಇದನ್ನು ನಾವೇ ಹೇರಿಕೊಂಡದ್ದು. ತೆಗೆಯುವವರು ಯಾರೂ ಬರಲಿಲ್ಲ.

ತಾಟು ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಅವಳ ಪಕ್ಕ ಕೂತೆ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು.

"ಏನ್ ಬೇಕಾಗಿತ್ರಿ?"

"ಏನೂ ಇಲ್ಲ."

ಅವಳು ಎಡಗೈ ಚಾಚಿ ನನ್ನ ಹಣೆ ಮುಟ್ಟಿ ನೋಡಿದಳು.