ಸ್ಟೇಷನ್ನಿಗೆ ಬಂದ ಖೊಟ್ಟಿ ಅಕ್ಕ

ನನಗೆ ಹೆದರಿಕೆಯಾದರೆ ಮೊದಲು ಸಿಟ್ಟು ಬರುತ್ತದೆ. ಆ ದಿನ ಸಾಂಗಲಿಯ ನಮ್ಮ ಅರಿಶಿನದ ಅಂಗಡಿಯಲ್ಲಿ ಕೂತು ಫೋನ್ ತೆಗೆದಾಗಲೂ ಹಾಗೇ ಆಯಿತು. ಅಲ್ಲಿ ನನ್ನ ಹೆಸರಿತ್ತು, ನನ್ನದೇ ಫೋಟೊ ಇತ್ತು, ಆದರೆ ಬರೆದವಳು ನಾನಲ್ಲ. ಮಿರಜದ ಆಸ್ಪತ್ರೆಗೆ ಬರುವವರು ಆಧಾರ್ ಕಾರ್ಡು, ವಿಮೆ ಕಾರ್ಡುಗಳ ಫೋಟೊ ಕಳಿಸಿದರೆ ಬೇಗ ನಂಬರು ಹಚ್ಚಿಸಿಕೊಡುತ್ತೇನೆ ಎಂದು ಯಾರೋ ನನ್ನ ಹೆಸರಿನಲ್ಲಿ ಆಶ್ವಾಸನೆ ಕೊಟ್ಟಿದ್ದರು. ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ನಮ್ಮ ಮನೆ ಮಿರಜದಲ್ಲಿ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕರ್ನಾಟಕದಿಂದ ರೋಗಿಗಳನ್ನು ಕರೆತಂದವರು ಆಸ್ಪತ್ರೆಯ ಕೌಂಟರಿನ ಮುಂದೆ ಪಿಳಿಪಿಳಿ ಕಣ್ಣು ಬಿಡುವುದನ್ನು ನೋಡಲಾರದೆ, ಆನ್‌ಲೈನಿನ ಒಂದು ಕನ್ನಡ ಬಳಗ ಸೇರಿದ್ದೆ. ಬರುವ ದಿನ ತಿಳಿಸಿದರೆ ಸ್ಟೇಷನ್ನಿಗೆ ಹೋಗಿ, ಜೊತೆಗಿದ್ದು, ಮಾತು ತಿಳಿಸಿ ಹೇಳುವುದು ನನ್ನ ಕೆಲಸ. ಬಳಗದಲ್ಲಿ ಎಲ್ಲರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ಈ ಬಳಗಕ್ಕೆ ಒಬ್ಬ ಧಣಿ ಅಂತಿಲ್ಲ. ಬೇರೆ ಬೇರೆ ಊರಿನವರು ತಮ್ಮ ತಮ್ಮ ಸರ್ವರ್ ಇಟ್ಟುಕೊಂಡು ಒಂದಕ್ಕೊಂದು ಜೋಡಿಸಿಕೊಂಡಿದ್ದಾರೆ. ಇಲ್ಲಿನ ಹಳ್ಳಿಗಳಲ್ಲಿ ಬೇಡಗದಲ್ಲೊಬ್ಬಳು, ಸಮಡೋಳಿಯಲ್ಲೊಬ್ಬಳು ಒಂದೇ ಹೆಸರಿನವರು ಇರುವ ಹಾಗೆ, ಇಲ್ಲೂ ಎರಡು ಸರ್ವರುಗಳಲ್ಲಿ ಒಂದೇ ಹೆಸರು ಇರಬಹುದು. ಹೆಸರಿನ ಮುಂದಿರುವ ಸರ್ವರಿನ ಹೆಸರನ್ನೂ ಓದಬೇಕು. ಅದನ್ನು ಯಾರು ಓದುತ್ತಾರೆ?

ನಮ್ಮ ಸರ್ವರ್ ನೋಡಿಕೊಳ್ಳುವವರು ವಿಜಯಪುರದ ಒಬ್ಬ ಮಾಸ್ತರರು. ಫೋನ್ ಮಾಡಿ ಕೂಗಾಡಿದೆ.

"ನಮ್ಮ ಮನಿ ಬಾಗಲಾ ನಾ ಹಾಕಬಲ್ಲೆ ತಂಗೀ, ಮಂದಿ ಮನಿ ಬಾಗಲಾ ಹ್ಯಾಂಗ ಹಾಕಲಿ?" ಎಂದರು. "ಆ ನಕಲಿ ಖಾತೆ ಇರೋ ಸರ್ವರಿನವರಿಗೆ ಬರದೇನಿ, ಅವರಽ ತಗೀಬೇಕು. ಅದಿರಲಿ, ನಿಮ್ಮ ಪಾಸ್‌ವರ್ಡ್ ಏನೈತಿ? ನನಗ ಹೇಳಬ್ಯಾಡ್ರಿ, ನೀವಽ ನೆನಪು ಮಾಡಿಕೋರಿ. ಮನಿದೇವರ ಹೆಸರು ಹೌದಲ್ಲೊ?"

"ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದೆ. "ಹೌದು ಹಂಗಾದ್ರ" ಎಂದು ನಿಟ್ಟುಸಿರು ಬಿಟ್ಟರು.

ಅವರು ಹೇಳಿದಂತೆ ಅಂಗಡಿಯ ಕಂಪ್ಯೂಟರಿನಲ್ಲೇ ಪಾಸ್‌ವರ್ಡ್ ಬದಲಿಸಿದೆ. ಒಳಗೆ ಹೋಗಲು ಇನ್ನು ಮೇಲೆ ಕೋಡ್ ಕೂಡ ಬೇಕು. ಕೋಡ್ ತೋರಿಸುವ ಆ್ಯಪನ್ನು ಅಂಗಡಿಯ ಫೋನಿನಲ್ಲಿ ಹಾಕಿದೆ. ಆ ಫೋನ್ ಕೈಗೆ ಸಿಗದಿದ್ದರೆ ಇರಲಿ ಎಂದು ಒಂದೊಂದು ಸಲ ಮಾತ್ರ ನಡೆಯುವ ಕೆಲವು ಕೋಡುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮನೆಗೆ ಬಂದು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗಿಟ್ಟೆ. "ಯಾರು ಕೇಳಿದ್ರೂ ಹೇಳಬ್ಯಾಡ್ರಿ" ಎಂದು ಅತ್ತೆಗೆ ತಾಕೀತು ಮಾಡಿದೆ.

ಅಂಗಡಿ ಬಿಡುವ ಮೊದಲೇ ಬಳಗಕ್ಕೆಲ್ಲ ಒಂದು ಎಚ್ಚರಿಕೆ ಬರೆದಿದ್ದೆ. ನನ್ನ ಖಾತೆ ಯಾವ ಸರ್ವರಿನದು, ನಾನು ಯಾರಿಂದಲೂ ಕಾಗದಪತ್ರ ಕೇಳುವುದಿಲ್ಲ ಎಂಬಷ್ಟೇ ಬರೆದಿದ್ದರೆ ಸಾಕಿತ್ತು. ಹೆದರಿಕೆಯ ಭರದಲ್ಲಿ, "ನನ್ನ ಹೆಸರು ಹೇಳಿಕೊಂಡು ಯಾರೇ ಎದುರಿಗೆ ಬಂದರೂ ನಂಬಬೇಡಿ, ಅವರ ಹಿಂದೆ ಹೋಗಬೇಡಿ" ಎಂದೂ ಸೇರಿಸಿದ್ದೆ.

ಮರುದಿನ ಮುಂಜಾನೆಯ ರೈಲಿಗೆ ಕಲಘಟಗಿ ಕಡೆಯ ಒಬ್ಬ ಮಗಳು ತನ್ನ ತಾಯಿಯನ್ನು ಆಪರೇಶನ್ನಿಗೆ ಕರೆತರುವವಳಿದ್ದಳು. ಮರಾಠಿ ಒಂದಕ್ಷರ ಬಾರದು ಎಂದು ಮೊದಲೇ ತಿಳಿಸಿದ್ದಳು. ಅಂಗಡಿ ಬಿಡುವವರೆಗೂ ನನ್ನ ಎಚ್ಚರಿಕೆಗೆ ಅವಳಿಂದ ಉತ್ತರ ಬಂದಿರಲಿಲ್ಲ. ನನ್ನ ಹೆಸರಿನ ಆ ನಕಲಿ, ಖೊಟ್ಟಿ ಖಾತೆಗೆ ಅವಳು ಆಗಲೇ ಕಾಗದಪತ್ರ ಕಳಿಸಿದ್ದಾಳೋ, ಯಾರಾದರೂ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ರೈಲು ಬರುವ ಮುಕ್ಕಾಲು ಗಂಟೆ ಮೊದಲೇ ಮಿರಜ ಸ್ಟೇಷನ್ನಿನಲ್ಲಿದ್ದೆ.

ರೈಲು ಬಂದು ಮಂದಿ ಚದುರಿದ ಮೇಲೆ ಅವರನ್ನು ಗುರುತಿಸಲು ಕಷ್ಟವಾಗಲಿಲ್ಲ. ಮುದುಕಿ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದಳು, ಮಗಳು ಎಕ್ಸ್‌ರೇ ಚೀಲ ಎದೆಗವಚಿಕೊಂಡು ನಿಂತಿದ್ದಳು.

"ಕಲಘಟಗಿಯವರಲ್ಲೇನ್ರಿ? ನಾನಽ ಅಕ್ಕ, ಬರ್ರಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಯಾವ ಅಕ್ಕಾರು?"

ನಾವು ಬರೆದುಕೊಂಡವರೇ ಹೊರತು ಒಬ್ಬರ ದನಿ ಒಬ್ಬರು ಕೇಳಿದವರಲ್ಲ. ಖಾತೆ ತೋರಿಸೋಣವೆಂದು ಫೋನ್ ತೆಗೆದೆ. ಹೊಸ ಪಾಸ್‌ವರ್ಡ್ ಹಾಕಿದೆ. ಕೋಡ್ ಕೇಳಿತು. ಪಾಸ್‌ವರ್ಡ್ ಬದಲಿಸಿದಾಗ ನನ್ನ ಫೋನಿನಲ್ಲಿದ್ದ ಖಾತೆ ತಾನಾಗಿ ಮುಚ್ಚಿತ್ತು, ನಿನ್ನೆಯ ಗಡಿಬಿಡಿಯಲ್ಲಿ ಮತ್ತೆ ಒಳಗೆ ಹೋಗಿಯೇ ಇರಲಿಲ್ಲ. ಆ್ಯಪ್ ಇದ್ದ ಫೋನು ಸಾಂಗಲಿಯ ಮುಚ್ಚಿದ ಅಂಗಡಿಯಲ್ಲಿ, ಚೀಟಿ ಮನೆಯಲ್ಲಿ.

"ಒಂದ ನಿಮಿಷ, ಕೋಡ್ ಕೇಳಾಕತ್ತೈತಿ" ಎಂದೆ. ಕೋಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕೋಡ್ ಕೇಳುವ ಮೋಸಗಾರರ ನೆನಪಾಗಿ ಅವಳು ಚೀಲವನ್ನು ಇನ್ನಷ್ಟು ಅವಚಿಕೊಂಡಳು. ತಾಯಿಯ ರಟ್ಟೆ ಹಿಡಿದು ಎಬ್ಬಿಸಿದಳು.

"ಖರೇನಽ ಅಕ್ಕಾರಾಗಿದ್ರ ಸಿಟ್ಟಾಗಬ್ಯಾಡ್ರಿ. ಖೊಟ್ಟಿ ಇದ್ರ ನಮ್ಮ ಹಿಂದ ಬರಬ್ಯಾಡ್ರಿ. ಅಕ್ಕಾರಽ ಬರದಾರ, ಯಾರನ್ನೂ ನಂಬಬ್ಯಾಡ್ರಿ ಅಂತ."

ನನ್ನ ಮಾತು ನನಗೇ ತಿರುಗಿ ಬಿತ್ತು. ಅವರಿಬ್ಬರೂ ಆಟೊ ಹತ್ತಿ ಹೋದರು. ನಾನು ಇನ್ನೊಂದು ಆಟೊ ಹಿಡಿದೆ. ದಾರಿಯಲ್ಲೇ ಮನೆಗೆ ಫೋನ್ ಹಚ್ಚಿದೆ.

"ಯಾರ ಕೇಳಿದ್ರೂ ಹೇಳಬ್ಯಾಡ್ರಿ ಅಂತ ನೀನಽ ಅಂದಿದ್ದೆಲ್ಲವಾ?" ಎಂದರು ಅತ್ತೆ.

"ಈಗ ನಾನಽ ಕೇಳಾಕತ್ತೇನ್ರಿ!"

ಮರಾಠಿ ಶಾಲೆಯಲ್ಲಿ ಕಲಿತ ಅತ್ತೆ ಚೀಟಿ ಓದಿದರು: "ಚಾರ, ಸಾತ, ದೋನ..." ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಖಾತೆ ತೆರೆಯಿತು. ಅವಳ ಸಂದೇಶ ಕಾಯುತ್ತಿತ್ತು: "ಅಕ್ಕಾ, ಒಬ್ಬಾಕಿ ನಿಮ್ಮ ಹೆಸರು ಹೇಳಿಕೊಂಡು ಸ್ಟೇಷನ್ನಿಗೆ ಬಂದಿದ್ಲು. ಥೇಟ್ ನಿಮ್ಮ ಫೋಟೊದಂಗಽ ಅದಾಳ. ನಾ ಹೋಗಲಿಲ್ಲರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಕೌಂಟರಿನ ಮುಂದಿದ್ದಳು. ನಾನು ಕಂಬದ ಹಿಂದೆ ನಿಂತೆ. ಒಳಗಿನ ಸಿಸ್ಟರು ಕೇಳಿದರು: "ರಕ್ತ ಪಾತಳ ಕರಾಯಚೀ ಗೋಳೀ ಕಧೀ ಬಂದ ಕೇಲೀ?" ರಕ್ತ ತೆಳುವಾಗಿಸುವ ಗುಳಿಗೆ ಯಾವಾಗ ನಿಲ್ಲಿಸಿದಿರಿ ಎಂದು. ಮಗಳು ಸುಮ್ಮನೆ ಹೂಂ ಎಂದು ತಲೆಯಾಡಿಸಿದಳು. ಆ ಗುಳಿಗೆ ನಿಲ್ಲಿಸದೆ ಆಪರೇಶನ್ ಮಾಡಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಸರಸರನೆ ಬರೆದೆ: "ಕೌಂಟರಿನ್ಯಾಗ ಯಾವಾಗಲೂ ರಕ್ತ ತೆಳು ಮಾಡೋ ಗುಳಿಗಿ ಕೇಳತಾರ. ನಿಮ್ಮವ್ವ ತಗೋತಾಳೇನು? ಯಾವಾಗ ಬಿಟ್ಟಾಳ?"

"ಬಿಟ್ಟಿಲ್ಲರಿ. ಇವತ್ತ ಮುಂಜಾನೀನೂ ನುಂಗ್ಯಾಳ."

"ಲಗೂನ ಹೇಳು. ಗೋಳೀ ಬಂದ ಕೇಲೀ ನಾಹೀ, ಆಜ ಪಣ ಘೇತಲೀ. ಇಷ್ಟಽ ಅನ್ನು."

ಅವಳು ಫೋನ್ ನೋಡಿಕೊಂಡು ತಡವರಿಸುತ್ತಾ ಓದಿ ಹೇಳಿದಳು. ಸಿಸ್ಟರು ಪೆನ್ನು ಕೆಳಗಿಟ್ಟು, ಎದ್ದು ಒಳಗೆ ಹೋಗಿ ಡಾಕ್ಟರರನ್ನು ಕರೆತಂದರು. ಆಪರೇಶನ್ ಮುಂದಕ್ಕೆ ಹೋಯಿತು.

ಮತ್ತೆ ಅವಳ ಸಂದೇಶ ಬಂತು: "ನೀವಿರದಿದ್ರ ಏನ ಗತಿರಿ ಅಕ್ಕಾ. ಆ ಹೆಂಗಸು ಇಲ್ಲೂ ಬಂದಾಳ್ರಿ. ಕಂಬದ ಹಿಂದ ನಿಂತು ನಮ್ಮನ್ನಽ ನೋಡಾಕತ್ತಾಳ. ಅಂಜಿಕಿ ಬರಾಕತ್ತೈತಿ."

"ಅದು ನಾನಽ" ಎಂದು ಬರೆದೆ. ಕಳಿಸುವ ಮೊದಲು ಅಳಿಸಿದೆ. ಇಷ್ಟು ಹೊತ್ತು ನಂಬಿದ ಖಾತೆಯನ್ನೂ ಅವಳು ಖೊಟ್ಟಿ ಎಂದುಕೊಂಡುಬಿಟ್ಟರೆ, ಡಾಕ್ಟರರ ಮುಂದಿನ ಪ್ರಶ್ನೆಯನ್ನು ಅವಳಿಗೆ ತಿಳಿಸುವವರು ಯಾರು?

ಕಂಬ ಬಿಟ್ಟು, ಅವಳ ಕಣ್ಣೆದುರೇ ನಡೆದು ಬಾಗಿಲಿನಿಂದ ಹೊರಬಿದ್ದೆ. ರಸ್ತೆಯಲ್ಲಿ ನಿಂತು, "ಇನ್ನ ಡಾಕ್ಟರು ಅಂದದ್ದನ್ನ ಕಿವಿಗೆ ಬಿದ್ದಂಗ ನನಗ ಬರದು ಕಳಿಸು. ಆಕಿ ಹೋದ್ಲೇನು ನೋಡು" ಎಂದು ಬರೆದೆ.

"ಹೋದ್ಲರಿ ಅಕ್ಕಾ. ಈಗ ಸಮಾಧಾನ ಆತು."