ಒಂದು ಮೊಳ ಮಲ್ಲಿಗೆಯ ತೂಕ

ವಿಮಾನ ಪೂರ್ತಿ ನಿಂತ ಮೇಲೂ ಬೆಲ್ಟು ಬಿಚ್ಚಲು ಹೆದರುವವರ ಪೈಕಿ ನಾನು. ಅಂಥವನಿಗೆ ಆಕಾಶದಲ್ಲಿ ಆಟವಾಡುವ ಹೆಂಡತಿ ಸಿಕ್ಕಿದ್ದಾಳೆ. ತಮಿಳುನಾಡಿನ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ಸುಮಾ, ತನ್ನ ಭಾನುವಾರಗಳನ್ನೆಲ್ಲ ಸುರಿದು ನಮ್ಮ ಊಟದ ಮೇಜಿನ ಮೇಲೆ ಒಂದು ಡ್ರೋನು ಕಟ್ಟಿದಳು. ಅವಳು ಸ್ಕ್ರೂ ಬಿಗಿಯುವಾಗ ನಾನು ಎದುರು ಕೂತು ನಿಯಮಗಳನ್ನು ಓದುತ್ತಿದ್ದೆ. ಓದಿದಷ್ಟೂ ನಿದ್ದೆ ಕೆಟ್ಟಿತು.

ನಾವು ಬಟಾಬಯಲು ಎಂದುಕೊಂಡಿರುವ ಆಕಾಶಕ್ಕೆ ಸರ್ಕಾರ ಕೆಂಪು, ಹಳದಿ, ಹಸಿರು ಬಳಿದಿದೆ ನೋಡಿ. ಗಿಂಡಿಯ ನಮ್ಮ ಮನೆಯ ತಾರಸಿ ಕೆಂಪಿನ ಪಾಲು, ಅಲ್ಲಿ ಪಾರಿವಾಳಕ್ಕೆ ಮಾತ್ರ ಅಡ್ಡಿಯಿಲ್ಲ. ಹಸಿರಿದ್ದರೂ ಸಾಲದು. ಊರಿಗೆ ದೊಡ್ಡವರು ಬರುವ ದಿನ ಪೊಲೀಸರು ಬೇಡವೆಂದರೆ ಹಸಿರೂ ಕೆಂಪೇ. ಜನರ ತಲೆಯ ಮೇಲೆ ಹಾರಿಸಬಾರದು, ಕಣ್ಣಳತೆ ದಾಟಿಸಬಾರದು. ಎಲ್ಲಕ್ಕಿಂತ ಮುಖ್ಯ ತೂಕ. ಕಾಲು ಕಿಲೋದೊಳಗಿದ್ದರೆ ಕಾನೂನು ಮಗುವೆಂದು ಸಲುಗೆ ಕೊಡುತ್ತದೆ. ದಾಟಿತೋ, ವರ್ಗವೇ ಬೇರೆ, ಕಟ್ಟುಪಾಡೇ ಬೇರೆ. ಸುಮಾ ಅಡುಗೆಮನೆಯ ತಕ್ಕಡಿಯಲ್ಲಿ ಮತ್ತೆ ಮತ್ತೆ ತೂಗಿ, ಇದ್ದುದರಲ್ಲೇ ಕಡಿಮೆ ಮಾಡಿ, ಕೂದಲೆಳೆಯ ಅಂತರದಲ್ಲಿ ಅದನ್ನು ಗೆರೆಯ ಈಚೆ ನಿಲ್ಲಿಸಿದ್ದಳು.

ಅಷ್ಟರಲ್ಲಿ ದಸರಾ ಬಂತು, ಮೈಸೂರಿನಿಂದ ಅತ್ತೆಯೂ ಬಂದರು. ಆಯುಧಪೂಜೆಯಂದು ಮಿಕ್ಸಿ, ಸ್ಕೂಟರುಗಳ ಜೊತೆ ಡ್ರೋನಿಗೂ ಅರಿಶಿನ ಕುಂಕುಮವಾಯಿತು. ಮೇಲೆ ಒಂದು ಮೊಳ ಮಲ್ಲಿಗೆ. ಅಂದು ಆಯುಧಗಳಿಗೆಲ್ಲ ವಿಶ್ರಾಂತಿ. ಮರುದಿನ ವಿಜಯದಶಮಿ, ಕೆಲಸ ಶುರು ಮಾಡುವ ದಿನ. ಆಕಾಶದ ನಕ್ಷೆಯಲ್ಲಿ ಹಸಿರು ನೋಡಿ, ಪೊಲೀಸರ ನಿಷೇಧ ಯಾವುದೂ ಇಲ್ಲವೆಂದು ಖಚಿತ ಮಾಡಿಕೊಂಡು, ಸುಮಾಳ ಕಾರ್ಖಾನೆಯವರನ್ನು ಕೇಳಿ ಅದರ ಹಿಂದಿನ ಖಾಲಿ ಬಯಲಿಗೆ ಮೂವರೂ ಹೋದೆವು. ಹಾರಿಸುವ ಮುಂಚೆ ಅವಳು ಹೂವು ತೆಗೆಯಲು ಕೈ ಹಾಕಿದಳು.

"ಮುಟ್ಬೇಡ. ಪೂಜೆ ಹೂವು ತಾನಾಗೇ ಬೀಳ್ಬೇಕು," ಎಂದರು ಅತ್ತೆ.

"ತೂಕ ಜಾಸ್ತಿ ಆಗತ್ತಮ್ಮ."

"ಒಂದು ಮೊಳ ಹೂವು ಭಾರ ಆಗತ್ತೇನೇ? ಬಸ್ಸು, ಲಾರಿ ಎಲ್ಲಾ ಹೂವು ಹಾಕ್ಕೊಂಡೇ ಓಡ್ತಿಲ್ವಾ?"

ಬಸ್ಸಿಗೆ ಕಾಲು ಕಿಲೋದ ಮಿತಿಯಿಲ್ಲ ಎಂದು ಅತ್ತೆಗೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ಡ್ರೋನು ಮಲ್ಲಿಗೆ ಮುಡಿದುಕೊಂಡೇ ಮೇಲೇರಿತು.

ಏರಿದ್ದೇ ತಡ, ರಸ್ತೆಬದಿಯಲ್ಲಿ ಪೊಲೀಸರೊಬ್ಬರು ಬೈಕು ನಿಲ್ಲಿಸಿದರು. ಕತ್ತೆತ್ತಿ ನೋಡಿ, ನೇರ ನನ್ನ ಬಳಿಗೆ ಬಂದರು.

"ವೆಯಿಟ್ ಎವ್ವಳವು ಸಾರ್?"

ತೂಕ ಎಷ್ಟು ಎಂಬುದು ಅರ್ಥವಾಗುವಷ್ಟು ತಮಿಳು ನನಗೆ ಬರುತ್ತದೆ. ಆದರೆ ಉತ್ತರ ಹೇಳಲು ಆಗ ಯಾವ ಭಾಷೆಯೂ ಬರಲಿಲ್ಲ. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆ. ನಿಜ ಹೇಳಿದರೆ ಸುಮಾಳ ಭಾನುವಾರಗಳೆಲ್ಲ ಠಾಣೆಯ ಬೀರು ಸೇರುತ್ತವೆ.

ಆಗಲೇ ಹೂವಿನ ದಾರ ಸಡಿಲಾಗಿ ಫ್ಯಾನಿನ ಕಡೆಗೆ ಜೋತುಬಿತ್ತು. ಡ್ರೋನು ಓಲಾಡುತ್ತ ರಸ್ತೆಯತ್ತ ಸರಿಯಿತು. ಅಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಸ್ಕೂಟರೊಂದು ಬರುತ್ತಿತ್ತು. ಓದುವಾಗ ಕಿರಿಕಿರಿ ಎನಿಸಿದ್ದ ನಿಯಮಗಳೆಲ್ಲ ಆ ಒಂದು ಮಗುವಿನ ತಲೆಗಾಗಿಯೇ ಬರೆದವು ಅನ್ನಿಸಿತು. ಸುಮಾ ತುಟಿ ಕಚ್ಚಿ ಹಿಡಿದು, ರೆಪ್ಪೆ ಬಡಿಯದೆ, ಅದನ್ನು ಹಿಂದಕ್ಕೆ ತಂದು ಬಯಲಲ್ಲಿ ಇಳಿಸಿದಳು.

ಅತ್ತೆ ದಾಟಿಹೋದ ಸ್ಕೂಟರಿನ ಮಗುವನ್ನು ನೋಡಿದರು, ಜೋತುಬಿದ್ದ ದಾರವನ್ನು ನೋಡಿದರು. ಬಗ್ಗಿ, ತಾವೇ ಹೂವು ಬಿಡಿಸಿ, ಕಣ್ಣಿಗೊತ್ತಿಕೊಂಡು ಮಗಳಿಗೆ ಮುಡಿಸಿದರು.

"ಹಾರ್ಸೋಳು ನೀನು. ಹೂವು ನಿನ್ನ ತಲೇಲಿರ್ಲಿ."

ಪೊಲೀಸರು ಜಡೆಯನ್ನೂ ಡ್ರೋನನ್ನೂ ನೋಡಿ ನನ್ನತ್ತ ತಿರುಗಿದರು. "ಇಪ್ಪೊ ಎವ್ವಳವು?" ಈಗ ಎಷ್ಟು?

"ಕಾಲ್ ಕಿಲೋಕ್ಕುಳ್ಳೆ ಸಾರ್," ಎಂದೆ. ಒಳಗೇ ಇದೆ. ನಾಲಿಗೆ ಕೊನೆಗೂ ಹೊರಳಿತ್ತು.

"ಪಾತ್ತು ಸಾರ್," ಜೋಪಾನ ಎಂದು ಮೀಸೆಯಡಿ ನಕ್ಕು ಅವರು ಬೈಕು ಹತ್ತಿದರು.

ಈಗ ಹಾರಿಸುವ ದಿನವೆಲ್ಲ ನಾನು ನಕ್ಷೆಯ ಬಣ್ಣ ನೋಡುತ್ತೇನೆ, ಸುಮಾ ಮಲ್ಲಿಗೆ ಮುಡಿಯುತ್ತಾಳೆ. ಹಾರಿಸುವವಳ ತೂಕಕ್ಕೆ ಸರ್ಕಾರ ಇನ್ನೂ ಮಿತಿ ಹಾಕಿಲ್ಲ. ಹಾಕಿದರೂ ತಕ್ಕಡಿ ಹಿಡಿದು ಅವಳೆದುರು ನಿಲ್ಲುವ ಧೈರ್ಯ ಯಾವ ಗಂಡನಿಗಿದೆ?