ಆಂಬ್ಯುಲೆನ್ಸ್ ಬಂದ ಮೇಲೆ ಪಂದ್ಯ

ಆರ್.ಟಿ. ನಗರದ ಫರ್ಹೀನ್ ಹದಿನಾಲ್ಕು ವರ್ಷ ಫುಟ್‌ಬಾಲ್ ರೆಫರಿಯಾಗಿದ್ದರು. ಮೊಣಕಾಲು ಸೋತಾಗ ವಿಸಿಲ್ ಬಿಟ್ಟು, ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಮ್ಯಾಚ್ ಕಮಿಷನರ್ ಪರೀಕ್ಷೆ ಬರೆದು ಪಾಸಾದರು. ಹೊರಗಿನವರಿಗೆ ಅದು ಸಪ್ಪೆ ಕೆಲಸ. ಮೈದಾನದ ಗೆರೆಗಳಿಂದ ಹಿಡಿದು ಆಟಗಾರರ ಗುರುತಿನ ಚೀಟಿಯವರೆಗೆ ಎಲ್ಲವನ್ನೂ ನೋಡಿ ಸಹಿ ಹಾಕಬೇಕು. ಆ ಸಹಿ ಬೀಳದೆ ಪಂದ್ಯ ಶುರುವಾಗುವಂತಿಲ್ಲ. ಆದರೆ ಸಹಿ ಹಾಕದೆ ಕೂತ ಕಮಿಷನರನ್ನು ಯಾರೂ ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ ಯಲಹಂಕದಲ್ಲಿ ಹುಡುಗಿಯರ ರಾಷ್ಟ್ರೀಯ ಟೂರ್ನಿಯ ಫೈನಲ್ ಇತ್ತು. ಮೂರು ಗಂಟೆಗೆ ಪಂದ್ಯ. ಎರಡೂವರೆಗೆ ಫರ್ಹೀನ್ ಮೈದಾನ ಸುತ್ತಿ ಬಂದರು. ಆಂಬ್ಯುಲೆನ್ಸ್ ನಿಲ್ಲಬೇಕಾದ ಜಾಗದಲ್ಲಿ ಮುಖ್ಯ ಅತಿಥಿಯ ಕಾರು ನಿಂತಿತ್ತು. ಸಂಘಟನಾ ಸಮಿತಿಯ ಕಾರ್ಯದರ್ಶಿ ಗೋಕುಲ್ ಅವರನ್ನು ಕರೆದು ಕೇಳಿದರು.

"ಹೆಬ್ಬಾಳದಲ್ಲಿ ಟ್ರಾಫಿಕ್ಕು ಮೇಡಂ, ಬರ್ತಿದೆ. ನೀವು ಸೈನ್ ಮಾಡ್ಬಿಡಿ. ಫಸ್ಟ್ ಹಾಫ್ ಮುಗಿಯೋಷ್ಟ್ರಲ್ಲಿ ಇಲ್ಲಿರುತ್ತೆ."

"ಬರ್ಲಿ ಸರ್. ಬಂದ್ಮೇಲೆ ಮಾಡ್ತೀನಿ."

ಮೂರಾಯಿತು. ಮೂರೂಕಾಲಾಯಿತು. ಜನ ಕೂಗತೊಡಗಿದರು. ಗೋಕುಲ್ ಮತ್ತೆ ಬಂದರು. ಈ ಸಲ ದನಿ ಬೇರೆಯಿತ್ತು.

"ಚೀಫ್ ಗೆಸ್ಟ್ ಎದ್ದು ಹೋಗ್ತಾರಂತೆ. ನಿಮ್ಮ ಮೇಲೆ ಡೆಲ್ಲಿಗೆ ಕಂಪ್ಲೇಂಟ್ ಮಾಡ್ತೀನಿ ಅಷ್ಟೇ."

"ಮಾಡಿ. ಹೆಸರಿನ ಸ್ಪೆಲ್ಲಿಂಗ್ ಇಲ್ಲಿದೆ, ಬರ್ಕೊಳ್ಳಿ," ಎಂದು ಫರ್ಹೀನ್ ಕೊರಳ ಕಾರ್ಡು ತೋರಿಸಿದರು.

ಮುಖ್ಯ ಅತಿಥಿ ಎದ್ದೇ ಹೋದರು. ಅವರ ಕಾರು ತೆರವಾದ ಜಾಗಕ್ಕೆ, ಮೂರು ನಲವತ್ತೇಳಕ್ಕೆ ಆಂಬ್ಯುಲೆನ್ಸ್ ಬಂದು ನಿಂತಿತು. ಡಾಕ್ಟರು ಇಳಿದದ್ದನ್ನು ಕಂಡು ಫರ್ಹೀನ್ ಸಹಿ ಹಾಕಿದರು.

ದ್ವಿತೀಯಾರ್ಧದಲ್ಲಿ ಕೀರ್ತಿ ಎಂಬ ಹುಡುಗಿ ಚೆಂಡಿಗೆ ತಲೆ ಕೊಡಲು ಜಿಗಿದು ಗೋಲ್‌ಕೀಪರಿಗೆ ಡಿಕ್ಕಿ ಹೊಡೆದಳು. ಬಿದ್ದವಳು ಅಲುಗಲಿಲ್ಲ, ಉಸಿರೂ ಇರಲಿಲ್ಲ. ಡಾಕ್ಟರು ಓಡಿಬಂದು, ಒಳಗೆ ಮಡಚಿಕೊಂಡಿದ್ದ ನಾಲಿಗೆ ಸರಿಸಿ, ಆಮ್ಲಜನಕ ಕೊಟ್ಟು, ಆಸ್ಪತ್ರೆಗೆ ಕರೆದೊಯ್ದರು. ಇನ್ನೆರಡು ನಿಮಿಷ ತಡವಾಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಸಂಜೆ ಫರ್ಹೀನ್‌ಗೆ ಫೋನ್ ಬಂತು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ದುಡಿಯುವ ಕಲಬುರಗಿಯ ಶಿವಶರಣಪ್ಪ, ಕೀರ್ತಿಯ ತಂದೆ.

"ಮೇಡಮ್ಮಾರ, ಮಗಳು ಕಣ್ಣು ಬಿಟ್ಟಾಳ್ರೀ. ಗೋಲ್ ಆತೇನಂತ ಕೇಳಾಕತ್ಯಾಳ."

"ಆಯ್ತು ಅಂತ ಹೇಳ್ರಿ. ಗೆದ್ದಿದ್ದೂ ಅದೇ ಗೋಲಿಂದ," ಎಂದ ಫರ್ಹೀನ್ ಫೋನಿಟ್ಟು ತುಂಬ ಹೊತ್ತು ಅತ್ತರು.

ದೂರು ಮಾತ್ರ ದೆಹಲಿಗೆ, ಸಂಸ್ಥೆಯ ಕಚೇರಿಗೆ, ಹೋಗಿಯೇ ಇತ್ತು. ವಿಚಾರಣೆಗೆ ಕರೆದಾಗ ಕೆಲಸ ಹೋಯಿತೆಂದೇ ತಿಳಿದು ಹೊರಟರು. ಅಲ್ಲಿ ಡಾಕ್ಟರ ವರದಿಯ ಪಕ್ಕದಲ್ಲಿ ತಮ್ಮ ಎರಡು ಪುಟದ ವರದಿ ಇಟ್ಟು, ಕೇಳಿದ್ದಕ್ಕಷ್ಟೇ ಉತ್ತರಿಸಿದರು. ವಿಚಾರಣಾ ಸಮಿತಿಯವರು ದೂರನ್ನು ತಳ್ಳಿಹಾಕಿದ್ದಲ್ಲದೆ, ಆಂಬ್ಯುಲೆನ್ಸ್‌ನ ಫೋಟೋ ಕಳಿಸದೆ ಯಾವ ಪಂದ್ಯವೂ ಶುರುವಾಗಕೂಡದೆಂದು ಸುತ್ತೋಲೆ ಹೊರಡಿಸಿದರು. ಮರುವರ್ಷ ಕಮಿಷನರುಗಳ ತರಬೇತಿಯ ಮುಖ್ಯಸ್ಥೆಯ ಹುದ್ದೆ ಫರ್ಹೀನ್‌ಗೆ ಬಂತು. ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು.

ಮೊದಲ ತರಗತಿಯಲ್ಲಿ ನಲವತ್ತು ಮಂದಿಯಿದ್ದರು. ಸೋಮನಾಥ ಎಂಬ ಹೊಸಬರು ಕೈಯೆತ್ತಿದರು. "ಮೇಡಂ, ದೊಡ್ಡವರು ಸಿಟ್ಟಾದ್ರೆ ಏನ್ ಮಾಡ್ಬೇಕು?"

"ನೀರು ಕೊಡಿ," ಎಂದರು ಫರ್ಹೀನ್. "ಸೈನ್ ಮಾತ್ರ ಮಾಡ್ಬೇಡಿ."

ನಲವತ್ತೂ ಜನ ನಗುತ್ತಲೇ ಅದನ್ನು ಬರೆದುಕೊಂಡರು.